ಹನ್ನೆರಡು ಬಾಟಲಿ ಶುಂಠಿ ಸೋಡಾ

ಟೈಲರಮ್ಮನ ಅತ್ತೆ ಅಡುಗೆಮನೆಯ ಕಿಟಕಿಯನ್ನು ಅಗಲಕ್ಕೆ ತೆರೆದಿಟ್ಟರೆ ಹಬ್ಬ ಬಂತೆಂದೇ ಬೀದಿಯವರ ಲೆಕ್ಕ. ಬೇಸಿಗೆಯ ಹಬ್ಬಕ್ಕೆ ನಿಂಬೆ ಶರಬತ್ತು, ಮಳೆ ನಿಂತ ಮೇಲಿನ ಹಬ್ಬಕ್ಕೆ ಸಕ್ಕರೆಯಲ್ಲಿ ಬೇಯಿಸಿ ಒಣಗಿಸಿದ ಕಿತ್ತಳೆ ಸಿಪ್ಪೆ, ವರ್ಷದ ಕೊನೆಯ ಹಬ್ಬಕ್ಕೆ ಬೆಣ್ಣೆ ಬಿಸ್ಕತ್ತು ಮತ್ತು ಶುಂಠಿ ಸೋಡಾ. ಬೀದಿಯಲ್ಲಿ ನಡೆಯುತ್ತಿದ್ದವರು ಒಂದು ನಿಮಿಷ ನಿಂತು ಮೂಗರಳಿಸಿ, "ಏನಮ್ಮಾ, ಶುರು ಮಾಡಿದ್ರಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಶುಂಠಿ ಸೋಡಾದ ವಿಷಯದಲ್ಲಿ ಅತ್ತೆ ಬಲು ಕಟ್ಟುನಿಟ್ಟು. ಜಜ್ಜಿದ ಶುಂಠಿ, ಸಕ್ಕರೆ, ನಿಂಬೆರಸಕ್ಕೆ ನೀರು ಬೆರೆಸಿ, ದೊಡ್ಡ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟರೆ ನಾಲ್ಕನೆಯ ದಿನಕ್ಕೆ ಅದು ತನ್ನಷ್ಟಕ್ಕೆ ತಾನೇ ಗುಳ್ಳೆ ಬಿಡತೊಡಗುತ್ತದೆ. ಆಮೇಲೆ ದಪ್ಪ ಗಾಜಿನ ಹಳೆಯ ಸೋಡಾ ಬಾಟಲಿಗಳಿಗೆ ಸೋಸಿ ತುಂಬಬೇಕು. ದಿನಾ ಬೆಳಿಗ್ಗೆ ಒಂದೊಂದರ ಮುಚ್ಚಳವನ್ನೂ ತೆಗೆದು, 'ಉಸ್' ಎಂದು ಗಾಳಿ ಹೋದ ಮೇಲೆ ಮತ್ತೆ ಹಾಕಬೇಕು. ಅತ್ತೆ ಅದಕ್ಕೆ ಉಸಿರು ಬಿಡಿಸುವುದು ಎನ್ನುತ್ತಿದ್ದಳು. ಹಬ್ಬದ ದಿನ ತಾನೇ ಮನೆಮನೆಗೆ ಹೋಗಿ, "ಇವತ್ತೇ ಕುಡೀರಿ, ಇಟ್ಕೋಬೇಡಿ" ಎಂದು ಕೊಟ್ಟು ಬರುತ್ತಿದ್ದಳು.

ಟೈಲರಮ್ಮ ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಹಗಲು ಪೀಠೋಪಕರಣದ ಅಂಗಡಿಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ. ಹದಿನೆಂಟು ವರ್ಷವೂ ಹಬ್ಬದ ಶುಂಠಿ ಸುಲಿದದ್ದು ಅವಳು, ಬಾಟಲಿ ತೊಳೆದದ್ದು ಅವಳು, ಬಿಸ್ಕತ್ತಿನ ತಟ್ಟೆಗೆ ಅಂಟಿದ ಕರಿ ಕೆರೆದದ್ದು ಅವಳು. ಹೊಗಳಿಕೆ ಮಾತ್ರ ನೇರವಾಗಿ ಅತ್ತೆಯ ಕೈಗೆ ಹೋಗುತ್ತಿತ್ತು. "ಸೊಸೆಯೂ ಒಂಚೂರು ಕೈಜೋಡಿಸ್ತಾಳೆ" ಎಂದು ಅತ್ತೆ ನಗುತ್ತಾ ಹೇಳುವಾಗ ಅದರಲ್ಲಿ ಕುಹಕವೇನೂ ಇರುತ್ತಿರಲಿಲ್ಲ. ಆದರೂ ಆ 'ಒಂಚೂರು' ಟೈಲರಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಆ ವರ್ಷದ ಮಾತು ಶುರುವಾದದ್ದು ಊಟದ ಹೊತ್ತಿನಲ್ಲಿ. ಅವಳ ಗಂಡ ಟೈಲ್ಸ್ ಗೋದಾಮಿನಲ್ಲಿ ಗುಮಾಸ್ತ. ಅಲ್ಲಿನ ಇನ್‌ಚಾರ್ಜ್ ತಿಂಗಳ ಕೊನೆಗೆ ನಿವೃತ್ತಿಯಾಗುವವರಿದ್ದರು. ಆ ಕುರ್ಚಿಯ ಮೇಲೆ ಮೂವರ ಕಣ್ಣಿತ್ತು.

"ಅಮ್ಮಾ, ಈ ಸಲ ಹನ್ನೆರಡು ಬಾಟಲಿ ನನಗೆ ಬೇಕು" ಎಂದ ಗುಮಾಸ್ತ, ತಟ್ಟೆಯಿಂದ ತಲೆ ಎತ್ತದೆ.

"ಹನ್ನೆರಡಾ? ಯಾರಿಗೆ?"

"ಆಫೀಸಿಗೆ. ಮ್ಯಾನೇಜರಿಗೆ ಒಂದು, ಅಕೌಂಟ್ಸ್‌ನವರಿಗೆ, ಹೆಡ್ ಆಫೀಸಿನವರಿಗೆ. ಮನೇಲಿ ಮಾಡಿದ್ದು ಅಂದ್ರೆ ಈಗ ದೊಡ್ಡವರಿಗೆಲ್ಲ ಅದೇ ಬೇಕು."

"ಬೀದಿಯವರಿಗೆ ಏನು ಕೊಡೋದು ಮತ್ತೆ?"

"ಬೀದಿಯವರು ನನಗೆ ಪ್ರಮೋಶನ್ ಕೊಡ್ತಾರಾ?"

ಹತ್ತನೆಯ ತರಗತಿಯ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಹೆಸರು ಗುಬ್ಬಿಯದಾದರೂ ಕೊಕ್ಕು ಗಿಡುಗನದು. "ಸೋಡಾ ಕುಡಿದು ಪ್ರಮೋಶನ್ ಕೊಡೋದಾಗಿದ್ರೆ, ಎದುರುಮನೆ ತಾತ ಇಷ್ಟೊತ್ತಿಗೆ ನಿನ್ನನ್ನ ಡೈರೆಕ್ಟರ್ ಮಾಡಿಬಿಡ್ತಿದ್ರು ಅಪ್ಪ."

"ಬಾಯಿ ಮುಚ್ಕೊಂಡು ಊಟ ಮಾಡು."

"ಮುಚ್ಕೊಂಡ್ರೆ ಊಟ ಹೇಗೆ ಮಾಡೋದು?"

ಅತ್ತೆ ನಕ್ಕಳು. ಗುಮಾಸ್ತ ನಗಲಿಲ್ಲ.

ಎರಡು ದಿನ ಬಿಟ್ಟು ಅವನು ಒಂದು ಪೆಟ್ಟಿಗೆ ತುಂಬಾ ಹೊಸ ಬಾಟಲಿ ತಂದ. ಚೌಕಾಕಾರದವು, ಕತ್ತಿನಲ್ಲಿ ತಂತಿಯ ಕ್ಲಿಪ್ಪಿನ ಮುಚ್ಚಳ. ಕಿಟಕಿಯ ಬೆಳಕಿಗೆ ಹಿಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಅತ್ತೆ ಒಂದನ್ನು ಎತ್ತಿ ಉಗುರಿನಿಂದ ತಟ್ಟಿ ನೋಡಿದಳು.

"ನೋಡೋಕೆ ಚೆಂದ ಇದೆ ಕಣೋ. ಗಾಜು ತೆಳ್ಳಗಾಯ್ತು. ಇದು ಎಣ್ಣೆಗಿಣ್ಣೆ ಹಾಕಿಡೋಕೆ ಮಾಡಿರೋದು."

"ನಿನ್ನ ಹಳೇ ಬಾಟಲಿ ತಗೊಂಡು ಹೋಗಿ ಮ್ಯಾನೇಜರ್ ಮುಂದೆ ಇಡ್ಲಾ? ಗುಜರಿ ಅಂಗಡಿಯಿಂದ ಎತ್ಕೊಂಡು ಬಂದ ಹಾಗಿರುತ್ತೆ."

"ಹಾಗಾದ್ರೆ ದಿನಾ ಉಸಿರು ಬಿಡಿಸಲೇಬೇಕು. ನನ್ನ ಬೆರಳಿಗೆ ಈ ಕ್ಲಿಪ್ಪು ಬಗ್ಗಲ್ಲ." ಅತ್ತೆ ಗಂಟು ಕಟ್ಟಿದ ತನ್ನ ಬೆರಳುಗಳನ್ನು ಸೊಸೆಗೆ ತೋರಿಸಿದಳು. "ನೀನೇ ಮಾಡಬೇಕು ನೋಡಮ್ಮ. ಮರೀಬೇಡ."

"ಆಯ್ತು ಅತ್ತೆ."

ಸೋಡಾ ತುಂಬಿದ ಮೇಲಿನ ಮೊದಲನೆಯ ಬೆಳಿಗ್ಗೆ ಅವಳು ಹನ್ನೆರಡರ ಕ್ಲಿಪ್ಪನ್ನೂ ತೆಗೆದು, ಗಾಳಿ ಬಿಟ್ಟು, ಮತ್ತೆ ಹಾಕಿದಳು. ಅದೇ ಸಂಜೆ ಬಾಟಲಿಗಳಿಗೆ ಟೊಪ್ಪಿ ಹೊಲಿದಳು. ಅಂಗಡಿಯಲ್ಲಿ ಉಳಿದ ಪರದೆ ಬಟ್ಟೆಯ ತುಂಡುಗಳಿದ್ದವು, ಕಡುಗೆಂಪಿನವು, ಅಂಚಿಗೆ ಚಿನ್ನದ ಬಣ್ಣದ ಪಟ್ಟಿ. ಮುಚ್ಚಳ, ಕ್ಲಿಪ್ಪು ಎಲ್ಲ ಒಳಗೆ ಅಡಗುವ ಹಾಗೆ ಟೊಪ್ಪಿ ಇಳಿಸಿ, ಕತ್ತಿಗೆ ರಿಬ್ಬನ್ ಸುತ್ತಿ, ಬಿಚ್ಚಿಕೊಳ್ಳದಿರಲಿ ಎಂದು ಸೂಜಿಯಲ್ಲಿ ಸಣ್ಣದಾಗಿ ಎಂಟು ಹೊಲಿಗೆ ಹಾಕಿದಳು. ಗುಮಾಸ್ತ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ನೀನು ಮಾಡಿದ್ದಾ? ಏನು ಕೈ ನಿಂದು! ಒಳಗಿನ ಸೋಡಾ ಚೆಲ್ಲಿ ಬರೀ ಬಾಟಲಿ ಇಟ್ಕೊಳ್ತಾರೆ ನೋಡು."

ಹಬ್ಬದ ವಿಷಯದಲ್ಲಿ ಈ ಮನೆಯಲ್ಲಿ ಅವಳ ಕೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅವಳು ದಾರ ಕಚ್ಚಿ ತುಂಡರಿಸುತ್ತಾ, "ಸಾಕು ಹೋಗ್ರೀ" ಎಂದಳು. ಮುಖ ಮಾತ್ರ ಅರಳಿತ್ತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುವ ಗಡಿಬಿಡಿ. ಅಡುಗೆಮನೆಯಿಂದ ಅತ್ತೆ ಕೂಗಿದಳು:

"ಉಸಿರು ಬಿಡಿಸಿದ್ಯಾ?"

ಬಿಡಿಸಬೇಕೆಂದರೆ ಹನ್ನೆರಡು ಟೊಪ್ಪಿಯ ಹೊಲಿಗೆ ಬಿಚ್ಚಬೇಕು, ಮತ್ತೆ ಹಾಕಬೇಕು. ಸಾಲಾಗಿ ನಿಂತ ಕೆಂಪು ಟೊಪ್ಪಿಗಳನ್ನು ಅವಳು ಒಮ್ಮೆ ನೋಡಿದಳು. ಒಂದು ದಿನಕ್ಕೆ ಏನಾಗುತ್ತೆ ಎಂದುಕೊಂಡಳು.

"ಹೂಂ ಅತ್ತೆ" ಎಂದಳು, ಚಪ್ಪಲಿ ಮೆಟ್ಟುತ್ತಾ.

ಅದರ ಮರುದಿನವೂ ಅತ್ತೆ ಕೇಳಿದಳು. ಅದರ ಮರುದಿನವೂ ಅವಳು ಹೂಂ ಎಂದಳು. ಗುಬ್ಬಿ ಅಲ್ಲೇ ಶಾಲೆಯ ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು. ತಾಯಿಯ ಮುಖ ನೋಡಿದಳು, ಬಾಟಲಿಗಳ ಕಡೆ ನೋಡಿದಳು, ಚೀಲ ಹೆಗಲಿಗೇರಿಸಿ ಹೊರಟಳು.

ಹಬ್ಬದ ಹಿಂದಿನ ದಿನ ಗುಮಾಸ್ತ ಹನ್ನೆರಡನ್ನೂ ಹಂಚಿ ಬಂದ. ಹಬ್ಬದ ದಿನ ಮಧ್ಯಾಹ್ನ, ಮನೆಯವರು ಊಟಕ್ಕೆ ಕೂತಿದ್ದಾಗ ಅವನಿಗೆ ಫೋನ್ ಬಂತು. ಅನ್ನ ಮೆತ್ತಿದ ಬೆರಳುಗಳನ್ನು ಹಾಗೇ ಮೇಲೆತ್ತಿಕೊಂಡು ಎದ್ದು ನಿಂತ. "ಸಾರ್... ಸಾರ್... ಅಯ್ಯೋ... ಯಾರಿಗೆ ಸಾರ್?" ಎಂದಷ್ಟೇ ಇವರಿಗೆ ಕೇಳಿಸಿತು.

ಮ್ಯಾನೇಜರ ಮನೆಗೆ ನೆಂಟರು ಬಂದಿದ್ದರಂತೆ. ಬಾಟಲಿ ತೆಗೆದು ಲೋಟಕ್ಕೆ ಹಾಕು ಎಂದು ಅಡುಗೆಯವಳಿಗೆ ಹೇಳಿದ್ದರಂತೆ. ಬೆಳಗಿನಿಂದ ಒಲೆಯ ಪಕ್ಕದಲ್ಲೇ ಇದ್ದ ಬಾಟಲಿ, ಅವಳು ಕೈಗೆತ್ತಿಕೊಂಡಾಗ ಒಡೆಯಿತು. ಗಾಜು ಎಡಗಣ್ಣಿಗೆ ಹೊಕ್ಕಿತ್ತು.

ಆಮೇಲಿನ ಒಂದು ಗಂಟೆ ಗುಮಾಸ್ತ ಉಳಿದ ಹನ್ನೊಂದು ಮನೆಗೂ ಫೋನ್ ಮಾಡಿದ. ಒಬ್ಬರ ಮನೆಯಲ್ಲಿ ಸೋಡಾ ಛಾವಣಿಗೆ ಚಿಮ್ಮಿ ಎಲ್ಲರೂ ನಕ್ಕಿದ್ದರು. ಒಬ್ಬರು ಇನ್ನೂ ತೆಗೆದಿರಲಿಲ್ಲ. ಬಾಟಲಿಯ ಮೇಲೆ ಗೋಣಿಚೀಲ ಹಾಕಿ ಹಿತ್ತಲಿಗೆ ಒಯ್ದರು. ಅಕೌಂಟ್ಸ್‌ನವರು, "ತುಂಬಾ ಚೆನ್ನಾಗಿತ್ತು ಕಣ್ರೀ, ಇನ್ನೊಂದು ಸಿಗುತ್ತಾ?" ಎಂದರು.

ಫೋನಿಟ್ಟು ಗುಮಾಸ್ತ ತಾಯಿಯ ಕಡೆ ತಿರುಗಿದ.

"ಏನಮ್ಮಾ ಇದು? ಇಷ್ಟು ವರ್ಷ ಮಾಡಿದೀಯ. ಮ್ಯಾನೇಜರ್ ಮನೇದೇ ಒಡೀಬೇಕಾ?"

"ಉಸಿರು ಬಿಡಿಸಿದ್ದು ಒಡೆಯೋದಿಲ್ಲವಲ್ಲೋ" ಎಂದಳು ಅತ್ತೆ. ಬಣ್ಣಗೆಟ್ಟ ಮುಖದಲ್ಲಿ ಸೊಸೆಯನ್ನು ನೋಡಿದಳು. "ಬಿಡಿಸಿದ್ಯಲ್ಲಮ್ಮ ನೀನು?"

ಗಂಡ ನೋಡುತ್ತಿದ್ದ. ಗುಬ್ಬಿಯೂ ನೋಡುತ್ತಿದ್ದಳು. ಟೈಲರಮ್ಮನ ಬಾಯಿಗೆ ಬಂದದ್ದು ಅವಳು ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಮೊದಲನೇ ದಿನ ಬಿಡಿಸಿದೆ. ಆಮೇಲೆ ನೀವೇ ಅಂದ್ರಲ್ಲ ಅತ್ತೆ, ಇನ್ನು ಸಾಕು, ಟೊಪ್ಪಿ ಹಾಕಿ ಕಟ್ಟಿಬಿಡು ಅಂತ."

"ನಾನು ಅಂದೆನಾ?"

"ಅಂದ್ರಿ ಅತ್ತೆ."

ಅತ್ತೆ ತನ್ನ ತಟ್ಟೆಯನ್ನೇ ನೋಡಿದಳು. "ನಾನು ದಿನಾ ಕೇಳಿದ ಹಾಗೆ ನೆನಪು" ಎಂದಳು, ಮೆಲ್ಲಗೆ.

"ಅದು ಹೋದ ವರ್ಷದ್ದಿರಬೇಕು ಬಿಡು" ಎಂದ ಗುಮಾಸ್ತ. "ನಿನಗೂ ವಯಸ್ಸಾಯ್ತು." ತಾಯಿಗೆ ವಯಸ್ಸಾಗಿದ್ದು ಆ ಗಳಿಗೆಯಲ್ಲಿ ಅವನಿಗೆ ಅನುಕೂಲವೇ ಆಯಿತು. ಅಂಗಿ ಹಾಕಿಕೊಂಡು ಮ್ಯಾನೇಜರ ಮನೆಗೆ ಓಡಿದವನು ಅಲ್ಲೂ ಅದನ್ನೇ ಹೇಳಿದ: ಅಮ್ಮನಿಗೆ ನೆನಪು ಸರಿಯಿಲ್ಲ ಸಾರ್, ನಮಗೆ ಗೊತ್ತಾಗಲಿಲ್ಲ.

ಮ್ಯಾನೇಜರು ಸಿಟ್ಟು ಮಾಡಿಕೊಳ್ಳಲಿಲ್ಲ. "ಪಾಪ, ವಯಸ್ಸಾದವರು. ಆಸ್ಪತ್ರೆ ಖರ್ಚು ನೀವು ನೋಡ್ಕೊಳ್ಳಿ. ಹಬ್ಬದ ಹೊತ್ತಲ್ಲಿ ಇದನ್ನ ದೊಡ್ಡದು ಮಾಡೋದು ಬೇಡ" ಎಂದರಂತೆ. ಅವರಿಗೆ ಆಗಲೇ ಬೇರೆ ಅಡುಗೆಯವಳನ್ನು ಹುಡುಕುವ ಚಿಂತೆ.

ಸಂಜೆ ಪಾತ್ರೆ ತೊಳೆಯುವಾಗ ಗುಬ್ಬಿ ತಾಯಿಯ ಪಕ್ಕ ಬಂದು ನಿಂತಳು.

"ಅಜ್ಜಿ ಕೇಳಿದ್ದು ನನಗೆ ಕೇಳಿಸಿತ್ತು. ನೀನು ಹೂಂ ಅಂದಿದ್ದೂ ಕೇಳಿಸಿತ್ತು."

ಟೈಲರಮ್ಮ ನಲ್ಲಿಯನ್ನು ಇನ್ನೂ ಜೋರಾಗಿ ಬಿಟ್ಟಳು. "ಈಗ ಅದನ್ನ ಹೇಳಿ ಏನು ಬರುತ್ತೆ? ಆ ಕಣ್ಣು ವಾಪಸ್ ಬರುತ್ತಾ? ಅಪ್ಪನ ಕೆಲಸ ಒಂದು ಇತ್ಯರ್ಥ ಆಗ್ಲಿ. ಆಮೇಲೆ ನಾನೇ ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದೆನಲ್ಲ. ಹೋಗಿ ಓದ್ಕೋ."

ಕಣ್ಣು ಉಳಿಯಲಿಲ್ಲ. ಹತ್ತನೆಯ ದಿನ ವೈದ್ಯರು ಅದನ್ನು ತೆಗೆದರು. ಹದಿನೈದನೆಯ ದಿನ ಗುಮಾಸ್ತ ಇನ್‌ಚಾರ್ಜ್ ಆದ. ಬೇಕರಿಯಿಂದ ಕೇಕಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. "ಆಗಿದ್ದು ಆಗಿಹೋಯ್ತು. ಎಲ್ಲರೂ ಒಂದೊಂದು ತುಂಡು ತಗೊಳ್ಳಿ" ಎಂದ. ಗುಬ್ಬಿ ತನ್ನ ತುಂಡನ್ನು ಡಬ್ಬಿಗೇ ವಾಪಸ್ ಇಟ್ಟು ಎದ್ದು ಹೋದಳು. ಅತ್ತೆ ತಿಂದಳು, ಮಗ ಬೇಜಾರು ಮಾಡಿಕೊಳ್ಳಬಾರದಲ್ಲ.

ಈಗ ಹೇಳಬಹುದಿತ್ತು. ಟೈಲರಮ್ಮ ಹೇಳಲಿಲ್ಲ. ಆರು ತಿಂಗಳು ಪ್ರೊಬೇಷನ್ ಇದೆ, ಅದು ಮುಗಿಯಲಿ ಎಂದುಕೊಂಡಳು.

ಅಷ್ಟರಲ್ಲಿ ಅತ್ತೆ ಬದಲಾಗತೊಡಗಿದಳು. ಸಾರಿಗೆ ಉಪ್ಪು ಹಾಕಿ, "ಹಾಕಿದೆನಾ ನಾನು?" ಎಂದು ಸೊಸೆಯನ್ನು ಕೇಳುವಳು. ಬೀದಿ ಕೊನೆಯ ಅಂಗಡಿಗೆ ಹೊರಟವಳು ಅರ್ಧ ದಾರಿಯಿಂದ ವಾಪಸ್ ಬಂದು ಬೀಗ ಎಳೆದು ನೋಡುವಳು. ಮೊದಲು ಯಾರ ಮನೆಯ ಮಗು ಯಾವ ದಿನ ಹುಟ್ಟಿತು ಎಂದು ಬಾಯಲ್ಲೇ ಹೇಳುತ್ತಿದ್ದವಳು ಈಗ ಯಾರಾದರೂ ಏನಾದರೂ ಕೇಳಿದರೆ, "ನನ್ನ ನೆನಪು ನಂಬಬೇಡಿ" ಎನ್ನುವಳು. ಗುಮಾಸ್ತನಿಗೂ ಇದು ರೂಢಿಯಾಯಿತು. ಅವನ ಕನ್ನಡಕ ಕಾಣದಿದ್ದರೂ, "ಅಮ್ಮ ಎಲ್ಲೋ ಇಟ್ಟು ಮರೆತಿರ್ತಾಳೆ" ಎನ್ನುತ್ತಿದ್ದ. ಒಂದು ದಿನ ಹಾಲು ಉಕ್ಕಿದ್ದಕ್ಕೆ, "ನೀನು ಇನ್ನು ಒಲೆ ಹತ್ತಿರ ಹೋಗಬೇಡ" ಎಂದುಬಿಟ್ಟ. ಹಾಲು ಇಟ್ಟವಳು ಟೈಲರಮ್ಮ. ಅವಳು ಬಾಯಿ ತೆರೆಯುವುದರೊಳಗೆ ಅತ್ತೆ, "ಆಯ್ತಪ್ಪ" ಎಂದಾಗಿತ್ತು.

ಅತ್ತೆ ಬಿಡದ ಒಂದೇ ಕೆಲಸವೆಂದರೆ ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಆ ಅಡುಗೆಯವಳ ಮನೆಗೆ ಹೋಗುವುದು. ಹಣ್ಣು, ಬ್ರೆಡ್ಡು, ಏನಾದರೂ ಒಯ್ಯುವಳು. ಒಂದು ಭಾನುವಾರ, "ದಾರಿ ತಪ್ಪಿಬಿಟ್ಟೇನು, ನೀನೂ ಬಾ" ಎಂದು ಸೊಸೆಯನ್ನು ಕರೆದಳು. ಎರಡು ತಿಂಗಳಿಂದ ತಾನೇ ಒಬ್ಬಳೇ ಹೋಗಿಬರುತ್ತಿದ್ದ ದಾರಿ ಅದು.

ಅಡುಗೆಯವಳದು ಒಂದೇ ಕೋಣೆ. ಹಗ್ಗದ ಮೇಲೆ ಒಗೆದ ಬಟ್ಟೆ, ಮೂಲೆಯಲ್ಲಿ ಸ್ಟೋವ್. ನಲವತ್ತರ ಒಳಗಿನ ಹೆಂಗಸು. ಕಪ್ಪು ಕನ್ನಡಕ ಹಾಕಿಕೊಂಡು ಬೀನ್ಸ್ ಮುರಿಯುತ್ತಿದ್ದಳು. ಮೂರು ಮನೆಯ ಅಡುಗೆಯಲ್ಲಿ ಎರಡು ಮನೆ ಬಿಟ್ಟುಹೋಗಿದ್ದವು. ಒಕ್ಕಣ್ಣಿನಲ್ಲಿ ಒಗ್ಗರಣೆ ಹಾಕಲು ಹೋದರೆ ಎಣ್ಣೆ ಎಷ್ಟು ದೂರದಲ್ಲಿದೆ ಎಂದೇ ತಿಳಿಯುವುದಿಲ್ಲ ಎಂದಳು.

"ಈ ಅಮ್ಮ ವಾರವಾರ ಬಂದು ಕೈ ಮುಗೀತಾರೆ" ಎಂದಳು ಟೈಲರಮ್ಮನಿಗೆ. "ನನಗೆ ಸಿಟ್ಟು ಮಾಡ್ಕೊಳ್ಳೋಕೂ ಬಿಡಲ್ಲ. ಮೊದಲನೇ ಸಲ ಬಂದಾಗ ಬಯ್ದು ಕಳಿಸಿದ್ದೆ. ಮತ್ತೆ ಬಂದ್ರು."

"ತಪ್ಪು ನಂದೇ ಅಲ್ವಾ" ಎಂದಳು ಅತ್ತೆ.

"ಬಾಟಲಿ ಬಿಡಿ. ಆ ಬಟ್ಟೆ ಹೊಲಿದವರು ಯಾರು ಅಂತ ನನಗೆ ಒಂದು ಸಲ ನೋಡಬೇಕು." ಅವಳು ಒಂದು ಬೀನ್ಸನ್ನು ಮುರಿದು ತಟ್ಟೆಗೆ ಹಾಕಿದಳು. "ಬಿಚ್ಚೋಕೇ ಬರ್ತಿರಲಿಲ್ಲ. ಒಳಗಿನಿಂದ ಅಮ್ಮಾವ್ರು ಬೇಗ ತಾ, ಬೇಗ ತಾ ಅಂತಿದ್ರು. ಚಾಕು ಕೈಗೆ ಸಿಗಲಿಲ್ಲ. ಹಲ್ಲಲ್ಲಿ ಕಚ್ಚಿ ಕಿತ್ತುಬಿಡೋಣ ಅಂತ ಮುಖದ ಹತ್ತಿರ ತಂದೆ. ಇಲ್ಲದಿದ್ರೆ ಕೈಗಷ್ಟೇ ಆಗ್ತಿತ್ತು ಅಂತ ಡಾಕ್ಟರೂ ಅಂದ್ರು."

ಟೈಲರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಎಂಟು ಹೊಲಿಗೆ, ಎಣಿಸಿ ಹಾಕಿದ್ದು.

"ಅಂಗಡಿಯಲ್ಲಿ ತಂದಿದ್ದು" ಎಂದಳು. "ರೆಡಿಮೇಡ್."

ಅತ್ತೆ ಸೊಸೆಯನ್ನು ತಿರುಗಿ ನೋಡಿದಳು. ಈಗ ಎಲ್ಲ ಹೊರಬೀಳುತ್ತದೆ ಎಂದುಕೊಂಡು ಟೈಲರಮ್ಮ ಉಸಿರು ಹಿಡಿದಳು. ಹೊರಬಿದ್ದರೆ ಬೀಳಲಿ ಎಂದೂ ಅನ್ನಿಸಿತು. ಅತ್ತೆ ತಂದ ಹಣ್ಣನ್ನು ಚೀಲದಿಂದ ತೆಗೆದು ತಟ್ಟೆಯ ಪಕ್ಕ ಇಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಮೂರು ನಿಲ್ದಾಣ ದಾಟಿದ ಮೇಲೆ ಅತ್ತೆ ಕೇಳಿದಳು:

"ಆ ಟೊಪ್ಪಿ ಅಂಗಡಿಯಿಂದ ತಂದಿದ್ದಾ?"

ಟೈಲರಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ನೀನು ಮಷಿನ್ ಮುಂದೆ ಕೂತು ಹೊಲಿದ ಹಾಗೆ, ಇವನು ಬಾಗಿಲಲ್ಲಿ ನಿಂತು ಹೊಗಳಿದ ಹಾಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ." ಅತ್ತೆ ತಲೆ ಅಲ್ಲಾಡಿಸಿದಳು. "ನೋಡು, ಇದೂ ತಪ್ಪು. ಆಗದೇ ಇದ್ದಿದ್ದೂ ಕಾಣಿಸೋಕೆ ಶುರುವಾಗಿದೆ ನನಗೆ."

ಆ ಬಸ್ಸಿನಲ್ಲಿ ಕೂತು ಟೈಲರಮ್ಮ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತೋ. ಅವಳು, "ಇಳಿಯೋ ಜಾಗ ಬಂತು ಅತ್ತೆ, ಏಳಿ" ಎಂದಳು. ನಿಜಕ್ಕೂ ಇನ್ನೊಂದು ನಿಲ್ದಾಣವಿತ್ತು. ಒಂದು ಫರ್ಲಾಂಗು ಇಬ್ಬರೂ ಬಿಸಿಲಲ್ಲಿ ನಡೆದರು. ತಾನೇ ತಪ್ಪು ಎಣಿಸಿರಬೇಕೆಂದು ಅತ್ತೆ ಒಂದು ಮಾತೂ ಕೇಳಲಿಲ್ಲ.

ಬೇಸಿಗೆಯ ಹಬ್ಬ ಬಂತು. ಆ ಮನೆಯಿಂದ ಯಾರಿಗೂ ನಿಂಬೆ ಶರಬತ್ತು ಹೋಗಲಿಲ್ಲ, ಯಾರೂ ಕೇಳಲೂ ಇಲ್ಲ. ಎದುರುಮನೆಯ ತಾತ ಅಂಗಡಿಯ ಹಣ್ಣಿನ ರಸದ ಎರಡು ಡಬ್ಬಿ ತಂದು ಕೊಟ್ಟರು. "ಈ ಸಲ ನಮ್ಮದು ಕುಡೀರಮ್ಮ" ಎಂದರು ಅತ್ತೆಗೆ, ತುಸು ಗಟ್ಟಿಯಾಗಿ, ಬಿಡಿಸಿ ಬಿಡಿಸಿ. ನೆನಪು ಕೆಟ್ಟವರಿಗೆ ಕಿವಿಯೂ ಮಂದವಾಗಿರುತ್ತದೆ ಎಂದು ಬೀದಿಯವರು ತೀರ್ಮಾನಿಸಿದ್ದರು. ಅತ್ತೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎರಡು ಕೈಯಲ್ಲೂ ಹಿಡಿದುಕೊಂಡು, ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಆ ನಗುವನ್ನು ಟೈಲರಮ್ಮನಿಗೆ ನೋಡಲಾಗಲಿಲ್ಲ. ತಾತ ಮೆಟ್ಟಿಲಿಳಿದು ಹೋದದ್ದೇ ತಡ, ಅತ್ತೆಯ ಮುಂದೆ ನೆಲದ ಮೇಲೆ ಕೂತಳು. ಗುಮಾಸ್ತ ಸ್ನಾನಕ್ಕೆ ಹೋಗಿದ್ದ. ಗುಬ್ಬಿ ಮೇಜಿನ ಹತ್ತಿರ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಅತ್ತೆ, ಒಂದು ಮಾತು ಹೇಳಬೇಕು. ನೀವು ಕಟ್ಟಿಬಿಡು ಅಂತ ಹೇಳಿರಲಿಲ್ಲ. ದಿನಾ ಕೇಳ್ತಿದ್ರಿ. ನಾನೇ ಬಿಡಿಸಿದೀನಿ ಅಂತ ಸುಳ್ಳು ಹೇಳಿದ್ದು. ಟೊಪ್ಪಿ ಹೊಲಿದಿದ್ದೂ ನಾನೇ. ನಿಮ್ಮ ನೆನಪು ಸರಿಯಾಗೇ ಇದೆ."

ಒಂದೇ ಉಸಿರಿಗೆ ಹೇಳಿದಳು. ಹೇಳಿ ತಲೆ ತಗ್ಗಿಸಿದಳು. ಬೈಗುಳ ಬರಲಿ, ಏಟೇ ಬೀಳಲಿ ಎಂದು ಕಾದಳು.

ಅತ್ತೆಯ ಕೈ ಅವಳ ಕೂದಲಿನ ಮೇಲೆ ಬಂದು ಕೂತಿತು.

"ಇಷ್ಟು ದಿನದಿಂದ ಇದನ್ನೇ ಯೋಚಿಸ್ತಿದ್ಯಾ?" ಎಂದಳು ಅತ್ತೆ. ದನಿ ತುಂಬಾ ಮೆತ್ತಗಿತ್ತು. "ನನ್ನ ಸಮಾಧಾನಕ್ಕೆ ನೀನು ತಪ್ಪು ಹೊತ್ಕೋಬೇಡಮ್ಮ. ನನಗೆ ಗೊತ್ತು ನನ್ನ ತಲೆ ಹೇಗಿದೆ ಅಂತ."

"ಇಲ್ಲ ಅತ್ತೆ, ನಿಜವಾಗ್ಲೂ..."

"ಸಾಕು. ಹಬ್ಬದ ದಿನ ಅಳಬಾರದು."

"ನಿಜ ಅಜ್ಜಿ" ಎಂದಳು ಗುಬ್ಬಿ, ಮೇಜಿನ ಹತ್ತಿರದಿಂದ. "ನಾನು ಅಲ್ಲೇ ಇದ್ದೆ. ನನ್ನ ಕಿವಿಯಾರೆ ಕೇಳಿದೀನಿ."

ಅತ್ತೆ ಮೊಮ್ಮಗಳನ್ನು ನೋಡಿ ನಕ್ಕಳು. "ನಿನಗೂ ಹೇಳಿಕೊಟ್ಟಿದ್ದಾಳಾ ನಿಮ್ಮಮ್ಮ? ಇಂಥ ಸೊಸೆ ಎಷ್ಟು ಜನಕ್ಕೆ ಸಿಗ್ತಾಳೆ ಹೇಳು." ಗಂಟು ಬೆರಳುಗಳಿಂದ ಡಬ್ಬಿಯ ಮುಚ್ಚಳವನ್ನು ಎಳೆಯಲು ನೋಡಿದಳು, ಬರಲಿಲ್ಲ. ಸೊಸೆಯ ಕೈಗೆ ಕೊಟ್ಟಳು. "ತೆಗೆದು ಎಲ್ಲರಿಗೂ ಹಾಕಮ್ಮ."

ಟೈಲರಮ್ಮ ಡಬ್ಬಿ ಹಿಡಿದುಕೊಂಡು ಮಗಳ ಕಡೆ ನೋಡಿದಳು, ಇನ್ನೊಂದು ಮಾತು ಹೇಳು ಎನ್ನುವ ಹಾಗೆ.

ಗುಬ್ಬಿ ಬ್ರೆಡ್ಡಿನ ತಟ್ಟೆಯನ್ನು ಅಜ್ಜಿಯ ಮುಂದೆ ಇಟ್ಟಳು. "ಇನ್ನು ಅವಳು ನಂಬಲ್ಲ ಅಮ್ಮ" ಎಂದಳು. "ನೀನೂ ಅಪ್ಪನೂ ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೀರಿ."